ಜಾತ್ರೆ ಮುಗಿದ ಮೇಲೆ ಬಯಲು ಯಾರದ್ದು? ಒಸಾಕಾ ಎಕ್ಸ್‌ಪೋದ ನೆಲದ ಲೆಕ್ಕ

2025ರ ಅಕ್ಟೋಬರ್ 13ರಂದು ಜಪಾನಿನ ಒಸಾಕಾದಲ್ಲಿ ವಿಶ್ವ ಎಕ್ಸ್‌ಪೋ ಎಂಬ ದೇಶದೇಶಗಳ ಮೇಳದ ಗೇಟು ಮುಚ್ಚಿತು. ನಡೆದದ್ದು 184 ದಿನ. ಪಾಲ್ಗೊಂಡದ್ದು 158 ದೇಶ–ಪ್ರದೇಶಗಳು. ಸಿಬ್ಬಂದಿಯನ್ನು ಬಿಟ್ಟು ಬಂದವರೇ ಸುಮಾರು 2.55 ಕೋಟಿ ಜನ. ಮುಚ್ಚುವುದಕ್ಕೆ ವಾರವಿರುವಾಗ ಸಂಘಟಕರು ಇನ್ನೊಂದು ಅಂಕಿ ಹೇಳಿದರು: ನಿರ್ವಹಣೆಯ ಲೆಕ್ಕದಲ್ಲಿ 2,300ರಿಂದ 2,800 ಕೋಟಿ ಯೆನ್ ಉಳಿಯುವ ಅಂದಾಜು. ಆರು ತಿಂಗಳ ಹಿಂದೆ ಟಿಕೆಟ್ ಹೋಗುತ್ತಿಲ್ಲ, ದೇಶಗಳ ಪ್ರದರ್ಶನ ಮಂಟಪಗಳು (ಪೆವಿಲಿಯನ್) ಏಳುತ್ತಿಲ್ಲ ಎಂದು ದೇಶವೇ ಮೂಗು ಮುರಿದಿದ್ದ ಮೇಳ ಇದು. ಕೊನೆಗೆ ಮ್ಯಾಕು-ಮ್ಯಾಕು ಎಂಬ, ಮೈತುಂಬ ಕಣ್ಣು ಹೊತ್ತ ಕೆಂಪು–ನೀಲಿ ಗೊಂಬೆ ಕೊಳ್ಳಲೂ ಜನ ಸಾಲು ನಿಂತರು.

ಹಾಗಾದರೆ ಎಕ್ಸ್‌ಪೋ ಗೆದ್ದಿತೇ? ಗೇಟಿನಲ್ಲಿ ತಲೆ ಎಣಿಸಿ ಇದಕ್ಕೆ ಉತ್ತರ ಹೇಳಲಾಗದು. ಜಾತ್ರೆಗೆ ಎಷ್ಟು ಜನ ಸೇರಿದರು ಎಂಬುದು ಒಂದು ಲೆಕ್ಕ. ಜಾತ್ರೆಯ ನೆಪದಲ್ಲಿ ಊರಾಚೆಯ ಬಯಲಿಗೆ ರಸ್ತೆ ಬಂತು, ಆ ರಸ್ತೆಯ ಪಕ್ಕದ ಜಮೀನು ಯಾರ ಕೈಗೆ ಹೋಯಿತು ಎಂಬುದು ಇನ್ನೊಂದು. ವಿಶ್ವ ಎಕ್ಸ್‌ಪೋಗಳ 170 ವರ್ಷಗಳ ಚರಿತ್ರೆಯಲ್ಲಿ ಬಾಳಿಕೆ ಬಂದದ್ದೂ ಹಾಳಾದದ್ದೂ ಹೆಚ್ಚಾಗಿ ಈ ಎರಡನೆಯ ಲೆಕ್ಕದಿಂದ. ಒಸಾಕಾದಲ್ಲಿ ಆ ಲೆಕ್ಕ ಬರೆದದ್ದು ಯುಮೆಶಿಮಾ ಎಂಬ ಕಸದ ದ್ವೀಪದ ಮೇಲೆ.

ಮುಂದೆ ಬರುವ ಮೊತ್ತಗಳನ್ನು ರೂಪಾಯಿಯಲ್ಲಿ ಅಂದಾಜಿಸಬೇಕಾದರೆ, 2025ರ ದರದಲ್ಲಿ ಒಂದು ರೂಪಾಯಿಗೆ ಸುಮಾರು 1.7 ಯೆನ್ ಎಂದಿಟ್ಟುಕೊಳ್ಳಿ.

ಮೂರು ಗಂಟು, ಒಂದೇ ಹೆಸರು

"ಎಕ್ಸ್‌ಪೋ ಲಾಭದಲ್ಲಿದೆ" ಎಂಬ ಮಾತು ಕೇಳಿದಾಗಲೆಲ್ಲ ಕೇಳಬೇಕಾದ ಮೊದಲ ಪ್ರಶ್ನೆ: ಯಾವ ಗಂಟಿನ ಲಾಭ? ಎಕ್ಸ್‌ಪೋದ ಹಣ ಮೂರು ಬೇರೆ ಬೇರೆ ಗಂಟುಗಳಲ್ಲಿರುತ್ತದೆ.

ಮೊದಲನೆಯದು ನಿರ್ವಹಣೆಯ ಗಂಟು. ಕಾವಲು, ಶುಚಿತ್ವ, ಬಸ್ಸು, ಸಿಬ್ಬಂದಿಯ ಸಂಬಳ ಎಲ್ಲ ಇದರಲ್ಲಿ. ಒಸಾಕಾದಲ್ಲಿ ಇದು 8,090 ಕೋಟಿ ಯೆನ್ನಿನಿಂದ ಶುರುವಾಗಿ 11,600 ಕೋಟಿಗೆ ಏರಿತು. ಅದರಲ್ಲಿ 9,690 ಕೋಟಿ ಟಿಕೆಟ್‌ನಿಂದಲೇ ಬರಬೇಕಿತ್ತು. ವಯಸ್ಕರಿಗೆ ಒಂದು ದಿನದ ಟಿಕೆಟ್ 7,500 ಯೆನ್. ರಿಯಾಯಿತಿ ದರಗಳನ್ನೆಲ್ಲ ಸೇರಿಸಿ ನೋಡಿದರೆ 1.8 ಕೋಟಿ ಟಿಕೆಟ್ ಮಾರಿದರೆ ಖರ್ಚು ಸರಿಹೋಗುತ್ತದೆ ಎಂಬ ಲೆಕ್ಕ. ಗೇಟು ತೆರೆಯುವ ಮುನ್ನ 1.4 ಕೋಟಿ ಮಾರುವ ಗುರಿಯಿತ್ತು. ಹೋದದ್ದು ಒಂದು ಕೋಟಿಗೂ ಕಡಿಮೆ, ಅದರಲ್ಲೂ ಬಹುಪಾಲು ದೊಡ್ಡ ಕಂಪನಿಗಳು ತಮ್ಮತಮ್ಮಲ್ಲಿ ಹಂಚಿಕೊಂಡು ಕೊಂಡದ್ದು. ಜನ ತಾವಾಗಿಯೇ ಕೊಳ್ಳತೊಡಗಿದ್ದು ಹೋಗಿಬಂದವರ ಬಾಯಿಮಾತು ಹರಡಿದ ಮೇಲೆ. ಕೊನೆಗೆ ಸುಮಾರು 2.2 ಕೋಟಿ ಟಿಕೆಟ್ ಮಾರಾಟವಾದವು. ಉಳಿತಾಯದ ಸುದ್ದಿ ಪೂರ್ತಿಯಾಗಿ ಈ ಗಂಟಿನದು.

ಈ ಗಂಟಿಗೆ ನಷ್ಟವಾದರೆ ತುಂಬುವವರು ಯಾರು? ಕೇಂದ್ರ ಸರ್ಕಾರ ತಾನಲ್ಲ ಎಂದಿತು, ಒಸಾಕಾ ಆಡಳಿತವೂ ತಾನಲ್ಲ ಎಂದಿತು. ಗೇಟು ತೆರೆಯುವ ದಿನದವರೆಗೂ ಇದು ತೀರ್ಮಾನವಾಗಲಿಲ್ಲ. ಲಾಭ ಬಂದದ್ದರಿಂದ ಪ್ರಶ್ನೆ ಅಲ್ಲಿಗೇ ಉಳಿಯಿತು.

ಎರಡನೆಯದು ಕಟ್ಟುವ ಗಂಟು. 2018ರಲ್ಲಿ ಆತಿಥ್ಯ ಸಿಕ್ಕಾಗ ಅಂದಾಜು 12,500 ಕೋಟಿ ಯೆನ್. 2020ರಲ್ಲಿ 18,500 ಕೋಟಿ. 2023ರಲ್ಲಿ 23,500 ಕೋಟಿ; ಎಂದರೆ ಮೊದಲಿನ ಅಂದಾಜಿಗೆ ಹೆಚ್ಚುಕಡಿಮೆ ಇಮ್ಮಡಿ. ಇದನ್ನು ಕೇಂದ್ರ ಸರ್ಕಾರ ಒಂದು ಪಾಲು, ಒಸಾಕಾ ಪ್ರಾಂತ ಮತ್ತು ನಗರ ಸೇರಿ ಒಂದು ಪಾಲು, ಉದ್ಯಮಗಳು ಒಂದು ಪಾಲು ಎಂದು ಸಮನಾಗಿ ಹೊತ್ತವು. ಟಿಕೆಟ್ ಹಣ ಈ ಗಂಟಿಗೆ ಬೀಳುವುದಿಲ್ಲ. ಇಲ್ಲಿ ಲಾಭ–ನಷ್ಟ ಎಂಬ ಮಾತೇ ಇಲ್ಲ, ಬರೀ ಖರ್ಚು. ಹಾಗಾಗಿ 2,800 ಕೋಟಿ ಉಳಿಯಿತು ಎಂದು ಸಂಭ್ರಮಿಸುವಾಗ 23,500 ಕೋಟಿಯ ಗಂಟು ಪಕ್ಕದ ಕೋಣೆಯಲ್ಲಿರುತ್ತದೆ, ಅಷ್ಟೆ.

ಮೂರನೆಯ ಗಂಟಿಗೆ ಬಾಯಿಯೇ ಇಲ್ಲ: ಸುತ್ತಲಿನ ಮೂಲಸೌಕರ್ಯ. ಮೆಟ್ರೊ, ಎಕ್ಸ್‌ಪ್ರೆಸ್ ರಸ್ತೆ, ದ್ವೀಪದ ನೀರು–ವಿದ್ಯುತ್, ನೆಲ ಎತ್ತರಿಸುವುದು. ಖರ್ಚಿನ ಬಗ್ಗೆ ಟೀಕೆ ಹೆಚ್ಚಿದಾಗ 2023ರ ಡಿಸೆಂಬರ್‌ನಲ್ಲಿ ಜಪಾನ್ ಸರ್ಕಾರವೇ ಒಂದು ಪಟ್ಟಿ ಹೊರಡಿಸಿತು. ಕೇಂದ್ರ ನೇರವಾಗಿ ಭರಿಸುವುದು ಸುಮಾರು 16,470 ಕೋಟಿ ಯೆನ್. ಎಕ್ಸ್‌ಪೋಗೆ ನೇರ ಸಂಬಂಧವಿರುವ ಮೂಲಸೌಕರ್ಯ ಸುಮಾರು 83,900 ಕೋಟಿ. ಎಕ್ಸ್‌ಪೋದ ಹೆಸರಿನಡಿ ಸೇರಿಸಿದ ಎಲ್ಲ ಯೋಜನೆಗಳ ಮೊತ್ತ ಸುಮಾರು 9.7 ಲಕ್ಷ ಕೋಟಿ. ಈ ಕೊನೆಯ ಅಂಕಿಯಲ್ಲಿ ಎಕ್ಸ್‌ಪೋ ಇಲ್ಲದಿದ್ದರೂ ಆಗುತ್ತಿದ್ದ ರಸ್ತೆ–ಬಂದರು ಕೆಲಸಗಳೂ ಇವೆ, ನಿಜ. ಆದರೆ ಎಕ್ಸ್‌ಪೋದ ರಾಜಕೀಯ ಇರುವುದೇ ಅಲ್ಲಿ. ದಶಕಗಳಿಂದ ಕಡತದಲ್ಲಿ ಮಲಗಿದ್ದ ಯೋಜನೆಗೆ ಈ ಹೆಸರು ಅಂಟಿಸಿದರೆ ಅದಕ್ಕೊಂದು ಕೊನೆಯ ದಿನಾಂಕ ಸಿಗುತ್ತದೆ. ದಿನಾಂಕ ಇರುವ ಕೆಲಸಕ್ಕೆ ಹಣಕಾಸು ಇಲಾಖೆ ಇಲ್ಲ ಎನ್ನುವುದು ಕಷ್ಟ.

ಯುಮೆಶಿಮಾಕ್ಕೆ ಎಕ್ಸ್‌ಪೋ ಬಂದದ್ದು ಹೇಗೆ

ಯುಮೆಶಿಮಾ ಎಂದರೆ ಕನಸಿನ ದ್ವೀಪ. ಒಸಾಕಾ ಕೊಲ್ಲಿಯಲ್ಲಿ ತ್ಯಾಜ್ಯದ ಬೂದಿ, ಹೂಳು, ಕಟ್ಟಡ ಕೆಲಸದ ಮಣ್ಣು ಸುರಿದು 1970ರ ದಶಕದಿಂದ ಎಬ್ಬಿಸುತ್ತ ಬಂದ ಸುಮಾರು 390 ಹೆಕ್ಟೇರು ನೆಲ. ಒಡೆಯ ಒಸಾಕಾ ನಗರಾಡಳಿತ. 2008ರ ಒಲಿಂಪಿಕ್ಸ್ ತಂದು ಇಲ್ಲಿ ಕ್ರೀಡಾಗ್ರಾಮ ಕಟ್ಟುವ ಕನಸಿತ್ತು. 2001ರ ಮತದಾನದಲ್ಲಿ ಬೀಜಿಂಗ್ ಗೆದ್ದಿತು. ಒಸಾಕಾಕ್ಕೆ ಬಿದ್ದದ್ದು ಆರೇ ಮತ. ಒಲಿಂಪಿಕ್ಸ್‌ಗಾಗಿ ಯೋಚಿಸಿದ್ದ ಸೇತುವೆ, ಕಡಲಡಿಯ ಸುರಂಗ ಉಳಿದವು. ಅವುಗಳ ಮೇಲೆ ಹೆಚ್ಚಾಗಿ ಓಡಿದ್ದು ಕಂಟೇನರ್ ಲಾರಿಗಳು. ಸುರಿದ ಹಣ ನಗರದ ಬಂದರು ಲೆಕ್ಕದ ಮೇಲೆ ಹೊರೆಯಾಗಿ ಕೂತಿತು.

2010ರಲ್ಲಿ ಒಸಾಕಾ ಪ್ರಾಂತದ ಆಗಿನ ಗವರ್ನರ್ ತೋರು ಹಾಶಿಮೊಟೊ ಒಸಾಕಾ ಇಶಿನ್ ಪಕ್ಷ ಕಟ್ಟಿದರು. ದುಂದು ನಿಲ್ಲಿಸುತ್ತೇವೆ, ಪ್ರಾಂತ ಮತ್ತು ನಗರದ ದ್ವಿಗುಣ ಆಡಳಿತ ತೆಗೆಯುತ್ತೇವೆ ಎಂಬುದು ಅವರ ಘೋಷಣೆ. ಒಸಾಕಾವನ್ನು ಟೋಕಿಯೊ ಮಾದರಿಯ ಮಹಾನಗರ ಮಾಡುವ ಅವರ ಮುಖ್ಯ ಯೋಜನೆಯನ್ನು ಜನ 2015ರಲ್ಲೂ 2020ರಲ್ಲೂ ಜನಮತಗಣನೆಯಲ್ಲಿ ಕೂದಲೆಳೆಯ ಅಂತರದಲ್ಲಿ ತಿರಸ್ಕರಿಸಿದರು. ಹೀಗೆ ಮುಖ್ಯ ಭರವಸೆಯೇ ಕೈಕೊಟ್ಟ ಪಕ್ಷಕ್ಕೆ ಕಣ್ಣಿಗೆ ಕಾಣುವ ಸಾಧನೆಯೊಂದು ಬೇಕಿತ್ತು.

ಇಲ್ಲೊಂದು ವಿವರ ಮುಖ್ಯ. ಎಕ್ಸ್‌ಪೋ ತರುವ ಬಗ್ಗೆ ಒಸಾಕಾ ಪ್ರಾಂತ 2015ರಲ್ಲಿ ಅಧ್ಯಯನ ಮಾಡಿಸಿದಾಗ ಪರಿಗಣಿಸಿದ ಆರು ಜಾಗಗಳಲ್ಲಿ ಯುಮೆಶಿಮಾ ಇರಲಿಲ್ಲ. ಮರುವರ್ಷ ಆಗಿನ ಗವರ್ನರ್ ಇಚಿರೊ ಮಾತ್ಸುಯಿ ತಮ್ಮದೇ ಪ್ರಸ್ತಾವವಾಗಿ ಈ ದ್ವೀಪವನ್ನು ಮುಂದಿಟ್ಟರು. ಅದೇ ದ್ವೀಪದಲ್ಲಿ ಕ್ಯಾಸಿನೊ ಸಹಿತವಾದ ದೊಡ್ಡ ರೆಸಾರ್ಟ್ ಕಟ್ಟಬೇಕೆಂಬ ಇಶಿನ್ ಪಕ್ಷದ ಯೋಜನೆ ಆಗಲೇ ಚಲಾವಣೆಯಲ್ಲಿತ್ತು. ಜಪಾನಿನಲ್ಲಿ ಕ್ಯಾಸಿನೊಗೆ ಬಾಗಿಲು ತೆರೆದ ಮೊದಲ ಕಾನೂನು ಬಂದದ್ದು 2016ರ ಡಿಸೆಂಬರ್‌ನಲ್ಲಿ, ಜಾರಿಗೆ ಬೇಕಾದ ಕಾನೂನು 2018ರ ಜುಲೈಯಲ್ಲಿ. ಎಕ್ಸ್‌ಪೋ ಸಿಕ್ಕಿದ್ದು 2018ರ ನವೆಂಬರ್ 23ರಂದು. ತೇದಿಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು. ಜೂಜಿನ ಮನೆಗಾಗಿ ಸರ್ಕಾರಿ ಹಣದಲ್ಲಿ ಮೆಟ್ರೊ ಕೊರೆಯುತ್ತೇವೆ ಎಂದರೆ ಯಾವ ಊರಿನ ಜನವೂ ಒಪ್ಪರು. ಮಕ್ಕಳನ್ನು ಕರೆದೊಯ್ಯುವ ವಿಶ್ವಮೇಳಕ್ಕೆ ಎಂದರೆ ಒಪ್ಪುತ್ತಾರೆ. ಇದು ಬರೀ ವಿರೋಧಿಗಳ ಗುಮಾನಿಯಲ್ಲ. ಚುವೊ ಮೆಟ್ರೊ ಮಾರ್ಗವನ್ನು ಕಾಸ್ಮೊಸ್ಕ್ವೇರ್ ನಿಲ್ದಾಣದಿಂದ ಯುಮೆಶಿಮಾವರೆಗೆ 3.2 ಕಿ.ಮೀ. ವಿಸ್ತರಿಸಿದ ಕೆಲಸಕ್ಕೆ ರೆಸಾರ್ಟ್ ಕಂಪನಿಯಿಂದ ಸುಮಾರು 2,000 ಕೋಟಿ ಯೆನ್ ಪಡೆಯುವುದೆಂದು ನಗರವೇ ಮೊದಲಿನಿಂದ ಗೊತ್ತುಮಾಡಿತ್ತು.

ಮತಗಳ ಪೇಟೆ

ಆತಿಥ್ಯ ಯಾರಿಗೆಂದು ತೀರ್ಮಾನಿಸುವುದು ಪ್ಯಾರಿಸ್ಸಿನಲ್ಲಿರುವ ಅಂತರರಾಷ್ಟ್ರೀಯ ಪ್ರದರ್ಶನಗಳ ಕಚೇರಿ. 1928ರ ಒಪ್ಪಂದದಿಂದ ಹುಟ್ಟಿದ ಸಂಸ್ಥೆ ಅದು. ವಿಶ್ವ ಎಕ್ಸ್‌ಪೋ ಐದು ವರ್ಷಕ್ಕೊಮ್ಮೆ, ಹೆಚ್ಚೆಂದರೆ ಆರು ತಿಂಗಳು. ನಡುವೆ ಬರುವ ವಿಶೇಷ ಎಕ್ಸ್‌ಪೋ ಹೆಚ್ಚೆಂದರೆ ಮೂರು ತಿಂಗಳು, 25 ಹೆಕ್ಟೇರು. ಗುಪ್ತ ಮತದಾನ, ಚೀನಾಕ್ಕೂ ಒಂದೇ ಮತ, ಪೆಸಿಫಿಕ್‌ನ ಪುಟ್ಟ ದ್ವೀಪಕ್ಕೂ ಒಂದೇ.

ಹೀಗಾಗಿ ಪೈಪೋಟಿ ನಡೆಯುವುದು ಸಣ್ಣ, ಬಡ ದೇಶಗಳ ಮತಕ್ಕೆ. 2018ರಲ್ಲಿ ಕಣದಲ್ಲಿದ್ದ ಫ್ರಾನ್ಸ್ ಖರ್ಚಿಗೆ ಹೆದರಿ ಮೊದಲೇ ಹಿಂದೆ ಸರಿದಿತ್ತು. ಮೊದಲ ಸುತ್ತಿನಲ್ಲಿ ಒಸಾಕಾಕ್ಕೆ 85, ರಷ್ಯಾದ ಯೆಕಾತೆರಿನ್‌ಬರ್ಗ್‌ಗೆ 48, ಅಜರ್‌ಬೈಜಾನಿನ ಬಾಕುವಿಗೆ 23. ಎರಡನೆಯ ಸುತ್ತಿನಲ್ಲಿ ಒಸಾಕಾ 92–61ರಿಂದ ಗೆದ್ದಿತು. ಅಭಿವೃದ್ಧಿಶೀಲ ದೇಶಗಳು ಬಂದು ಪಾಲ್ಗೊಳ್ಳಲು ಸುಮಾರು 2,400 ಕೋಟಿ ಯೆನ್ ನೆರವು ಕೊಡುವೆನೆಂದು ಜಪಾನ್ ಮಾತು ಕೊಟ್ಟಿತ್ತು. ಇದನ್ನು ಲಂಚ ಎನ್ನುವಂತಿಲ್ಲ. ಈ ಪೇಟೆಯ ಮಾಮೂಲಿ ವ್ಯವಹಾರ. ಆದರೆ ಈ ಬೆಲೆ "ಎಕ್ಸ್‌ಪೋ ವೆಚ್ಚ" ಎಂಬ ತಲೆಬರಹದಡಿ ಜನರ ಕಣ್ಣಿಗೆ ಬಿದ್ದದ್ದು ಐದು ವರ್ಷಗಳ ನಂತರ.

ಕಟ್ಟುವಾಗ ಕೈಕೊಟ್ಟದ್ದು ಎಲ್ಲಿ

ಪೆವಿಲಿಯನ್‌ಗಳಲ್ಲಿ ದರ್ಜೆಗಳಿವೆ. ಟೈಪ್ ಎ ಎಂದರೆ ದೇಶವೇ ತನ್ನ ವಿನ್ಯಾಸದಲ್ಲಿ, ತನ್ನ ಖರ್ಚಿನಲ್ಲಿ ಕಟ್ಟಿಕೊಳ್ಳುವುದು. ಟೈಪ್ ಬಿ ಸಂಘಟಕರು ಕಟ್ಟಿದ ಕಟ್ಟಡವನ್ನು ಇಡಿಯಾಗಿ ಬಾಡಿಗೆಗೆ ಪಡೆಯುವುದು. ಟೈಪ್ ಸಿ ಒಂದೇ ಚಾವಣಿಯಡಿ ಹಲವು ದೇಶಗಳ ಮಳಿಗೆ. ಮೇಳಕ್ಕೆ ಕಳೆ ಬರುವುದು ಟೈಪ್ ಎ ಕಟ್ಟಡಗಳಿಂದ. ಅಂಥವು ಸುಮಾರು 60 ಬರುತ್ತವೆಂದು ನೆಚ್ಚಿಕೊಂಡಿದ್ದರು. 2023ರ ಬೇಸಿಗೆಯ ಹೊತ್ತಿಗೆ ಕಟ್ಟಡ ಪರವಾನಗಿಗೆ ಬೇಕಾದ ಕಾಗದವನ್ನು ನಗರಕ್ಕೆ ಸಲ್ಲಿಸಿದ ದೇಶಗಳು ಇಲ್ಲವೆನ್ನುವಷ್ಟು ಕಡಿಮೆ.

ಕಾರಣ ಒಂದಲ್ಲ. ವಿದೇಶಗಳು ಬಜೆಟ್ ಗೊತ್ತುಮಾಡಿದ್ದು ಕೋವಿಡ್ ಮತ್ತು ಉಕ್ರೇನ್ ಯುದ್ಧಕ್ಕೆ ಮುಂಚಿನ ದರಗಳಲ್ಲಿ. ಆಮೇಲೆ ಉಕ್ಕು, ಮರ, ಕೂಲಿ ಎಲ್ಲ ಏರಿತು. ದುಬೈ ಎಕ್ಸ್‌ಪೋ ಕೋವಿಡ್‌ನಿಂದ ಒಂದು ವರ್ಷ ತಡವಾಗಿ 2022ರ ಮಾರ್ಚ್‌ನಲ್ಲಿ ಮುಗಿದದ್ದರಿಂದ ಮುಂದಿನದಕ್ಕೆ ತಯಾರಿ ನಡೆಸುವ ಕಾಲವೂ ಕುಗ್ಗಿತು. ವಿದೇಶಿ ವಿನ್ಯಾಸಕಾರರು ಬಾಗಿದ, ತಿರುಚಿದ, ತೇಲುವಂತೆ ಕಾಣುವ ಆಕಾರ ಬರೆದು ಕಳಿಸಿದರೆ, ಜಪಾನಿನ ಗುತ್ತಿಗೆದಾರರು ಇಷ್ಟು ದಿನದಲ್ಲಿ, ಇಷ್ಟು ಹಣಕ್ಕೆ ಆಗದು ಎಂದು ಕೈಯಾಡಿಸಿದರು. 2024ರ ಏಪ್ರಿಲ್‌ನಿಂದ ಜಪಾನಿನ ಕಟ್ಟಡ ಕಾರ್ಮಿಕರಿಗೂ ಹೆಚ್ಚುವರಿ ದುಡಿಮೆಗೆ ವರ್ಷಕ್ಕೆ 720 ಗಂಟೆಯ ಮಿತಿ ಬಂತು. ಎಕ್ಸ್‌ಪೋ ಕೆಲಸವನ್ನು ಈ ಮಿತಿಯಿಂದ ಹೊರಗಿಡಬೇಕೆಂಬ ಬೇಡಿಕೆ ಎದ್ದಾಗ, ಜೀವದ ಬಗೆಗಿನ ಧ್ಯೇಯವಾಕ್ಯ ಇಟ್ಟುಕೊಂಡ ಮೇಳ ಕಾರ್ಮಿಕರ ಜೀವ ತೇಯಬೇಕೆ ಎಂದು ಜನ ಕೇಳಿದರು. ಅದೇ ವರ್ಷ ಜನವರಿ 1ರಂದು ನೋಟೊ ಪರ್ಯಾಯದ್ವೀಪದಲ್ಲಿ ಭೂಕಂಪವಾಗಿ, ಬಡಗಿಗಳೂ ಯಂತ್ರಗಳೂ ಅಲ್ಲಿಗೆ ಹೋಗಬೇಕೇ ಇಲ್ಲಿರಬೇಕೇ ಎಂಬ ಪ್ರಶ್ನೆಯೂ ಸೇರಿಕೊಂಡಿತು.

ಸಂಘಟಕರು ಟೈಪ್ ಎಕ್ಸ್ ಎಂಬ ಸಿದ್ಧ ಪೆಟ್ಟಿಗೆ ಕಟ್ಟಡವನ್ನು ಹೊಸದಾಗಿ ಮುಂದಿಟ್ಟರು. ಹಲವು ದೇಶಗಳು ದರ್ಜೆ ಇಳಿಸಿಕೊಂಡವು. ಕೊನೆಗೆ ಎದ್ದ ಟೈಪ್ ಎ ಕಟ್ಟಡಗಳು 42. ಏಪ್ರಿಲ್ 13ರಂದು ಗೇಟು ತೆರೆದಾಗ ಭಾರತ, ನೇಪಾಳ ಸೇರಿ ಕೆಲವು ಪೆವಿಲಿಯನ್‌ಗಳ ಬಾಗಿಲು ಮುಚ್ಚಿಯೇ ಇತ್ತು. ನೇಪಾಳದ್ದು ತೆರೆದದ್ದು ಜುಲೈಯಲ್ಲಿ.

ಅವಸರದಲ್ಲಿ ಕಟ್ಟಿದ್ದರ ಬೆಲೆ ತೆತ್ತವರು ಕೆಳಗಿನ ಗುತ್ತಿಗೆದಾರರು. ಹತ್ತಕ್ಕೂ ಹೆಚ್ಚು ವಿದೇಶಿ ಪೆವಿಲಿಯನ್‌ಗಳಲ್ಲಿ ದುಡಿದ ಜಪಾನಿನ ಸಣ್ಣ ಕಂಪನಿಗಳು ಹಣ ಬಂದಿಲ್ಲ ಎಂದು ಬೀದಿಗೆ ಬಂದವು. ವಿದೇಶಿ ಸರ್ಕಾರ ಒಂದು ಮುಖ್ಯ ಕಂಪನಿಗೆ ಕೆಲಸ ಕೊಡುತ್ತದೆ, ಅದು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ. ನಾಲ್ಕನೆಯ ಮೆಟ್ಟಿಲಲ್ಲಿ ವಿದ್ಯುತ್ ತಂತಿ ಎಳೆಯುವವನಿಗೆ ಲಿಖಿತ ಒಪ್ಪಂದವೂ ಇರುವುದಿಲ್ಲ. ಕೊನೆ ಗಳಿಗೆಯಲ್ಲಿ ವಿನ್ಯಾಸ ಬದಲಾಗಿ ಹೆಚ್ಚಿದ ಕೆಲಸವನ್ನು ಬಾಯಿಮಾತಿನ ಮೇಲೆ ಮಾಡಿರುತ್ತಾನೆ. ಮೇಲಿನವರು ಕೆಲಸ ಸರಿಯಿಲ್ಲ, ತಡವಾಯಿತು ಎಂದು ಹಣ ಹಿಡಿದರೆ ಹೋಗಲು ಕೋರ್ಟೊಂದೇ ದಾರಿ. ಇದು ಖಾಸಗಿಯವರ ನಡುವಿನ ಒಪ್ಪಂದ, ನಾವು ಕೊಡಲಾಗದು ಎಂದು ಸಂಘಟಕರು ನಿಂತರು. ಸಾರ್ವಜನಿಕ ಮೇಳದ ಖಾಸಗಿ ಸಾಲ ಇದು. ಉಳಿತಾಯದ ಹಣದಲ್ಲಿ ಇವರಿಗೆ ಕೊಡಿ ಎಂಬ ಒತ್ತಾಯ ಮೇಳ ಮುಗಿದ ಮೇಲೂ ನಿಲ್ಲಲಿಲ್ಲ.

ಕಸದ ನೆಲದ ಸ್ವಭಾವ

ಜಾಗದ ಆಯ್ಕೆ ರಾಜಕೀಯದ್ದಾದರೂ ಅದರ ಫಲ ಭೌತಶಾಸ್ತ್ರದ ನಿಯಮದಂತೆಯೇ ಬರುತ್ತದೆ. 2024ರ ಮಾರ್ಚ್ 28ರಂದು ದ್ವೀಪದ ಪಶ್ಚಿಮ ಭಾಗದಲ್ಲಿ ಶೌಚಾಲಯ ಕಟ್ಟುತ್ತಿದ್ದಾಗ ವೆಲ್ಡಿಂಗ್ ಕಿಡಿ ತಗುಲಿ ನೆಲದಡಿ ಸೇರಿದ್ದ ಮೀಥೇನ್ ಸ್ಫೋಟಿಸಿತು. ಸುಮಾರು 100 ಚದರ ಮೀಟರು ಕಾಂಕ್ರೀಟ್ ನೆಲ ಹಾಳಾಯಿತು, ಯಾರಿಗೂ ಗಾಯವಾಗಲಿಲ್ಲ. ಹೂತ ತ್ಯಾಜ್ಯದಲ್ಲಿನ ಜೈವಿಕ ಅಂಶ ಗಾಳಿಯಿಲ್ಲದೆ ಕೊಳೆತಾಗ ಮೀಥೇನ್ ಹುಟ್ಟುತ್ತದೆ. ಬಯಲಿನಲ್ಲಿ ಅದು ಮೇಲೇರಿ ಚದುರಿಹೋಗುತ್ತದೆ. ಅದರ ಮೇಲೆ ಕಾಂಕ್ರೀಟ್ ಹಾಸಿದರೆ ಪೈಪಿನ ಗುಂಡಿ, ಮ್ಯಾನ್‌ಹೋಲು, ನೆಲದಡಿಯ ಪೊಳ್ಳುಗಳಲ್ಲಿ ಕೂಡಿಕೊಳ್ಳುತ್ತದೆ. ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಇದ್ದರೆ ಒಂದು ಕಿಡಿ ಸಾಕು. ಆಮೇಲೆ ಅನಿಲ ಹೊರಬಿಡುವ ಕೊಳವೆ ನೆಟ್ಟರು, ಫ್ಯಾನು ಕೂರಿಸಿದರು, ಅಳೆಯುವ ಯಂತ್ರ ಇಟ್ಟರು. ಆದರೂ ಗೇಟು ತೆರೆಯುವುದಕ್ಕೆ ಒಂದು ವಾರ ಮುಂಚೆ, ಪರೀಕ್ಷಾರ್ಥ ಪ್ರವೇಶದ ದಿನ, ಮ್ಯಾನ್‌ಹೋಲೊಂದರ ಬಳಿ ಸ್ಫೋಟದ ಮಟ್ಟ ಮೀರಿದ ಮೀಥೇನ್ ಸಿಕ್ಕಿತು.

ನೆಲ ಮೆದು ಎಂಬುದು ಎರಡನೆಯ ತೊಡಕು. ಭಾರ ಬಿದ್ದಂತೆ ಕುಸಿಯುವ ಇಂಥ ನೆಲದಲ್ಲಿ ಕಟ್ಟಡದ ತೂಕಕ್ಕೆ ಸರಿದೂಗುವಷ್ಟು ಮಣ್ಣು ತೆಗೆದು, ಆ ಗುಂಡಿಯಲ್ಲಿ ಅಡಿಪಾಯ ಕೂರಿಸಬೇಕು, ದೋಣಿ ನೀರಿನಲ್ಲಿ ನಿಂತಂತೆ. ಇಲ್ಲವೇ ಆಳಕ್ಕೆ ಪೈಲ್ ಇಳಿಸಬೇಕು. ಆರು ತಿಂಗಳ ಕಟ್ಟಡಕ್ಕೆ ಅದು ದುಬಾರಿ, ಕೊನೆಯಲ್ಲಿ ಕಿತ್ತುಕೊಡುವುದು ಇನ್ನೂ ದುಬಾರಿ. ಮೇ ತಿಂಗಳಲ್ಲಿ ನಿಂತ ನೀರಿನ ಮೇಲೆ ಸೊಳ್ಳೆಯಂಥ ಹುಳುಗಳ ಮೋಡವೆದ್ದದ್ದು, ಜೂನ್‌ನಲ್ಲಿ ನೀರಾಟದ ಕೊಳದಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಸಿಕ್ಕಿ ಪ್ರದರ್ಶನ ನಿಂತದ್ದು ಇವುಗಳ ಮುಂದೆ ಸಣ್ಣ ಸುದ್ದಿ.

ದ್ವೀಪಕ್ಕೆ ದಾರಿ ಕಡಿಮೆ ಎಂಬುದು ಮೂರನೆಯದು: ಒಂದು ಸೇತುವೆ, ಒಂದು ಸುರಂಗ, ಒಂದು ಮೆಟ್ರೊ. ಆಗಸ್ಟ್ 13ರ ರಾತ್ರಿ ಒಂಬತ್ತೂವರೆಯ ಸುಮಾರಿಗೆ, ಜನ ಮನೆಗೆ ಹೊರಡುವ ಹೊತ್ತಿಗೆ ಸರಿಯಾಗಿ, ವಿದ್ಯುತ್ ದೋಷದಿಂದ ಚುವೊ ಮಾರ್ಗ ನಿಂತಿತು. ಸುಮಾರು 30,000 ಜನ ಸಿಕ್ಕಿಬಿದ್ದರು. ಅನೇಕರು ಸೆಖೆಯಲ್ಲಿ ನೆಲದ ಮೇಲೆ ರಾತ್ರಿ ಕಳೆದರು. ಕೆಲವು ಪೆವಿಲಿಯನ್‌ಗಳು ಬಾಗಿಲು ತೆರೆದು ಒಳಗೆ ಕರೆದುಕೊಂಡವು. ಬರೀ ರೈಲು ನಿಂತದ್ದಕ್ಕೆ ಹೀಗಾದರೆ ಭೂಕಂಪವಾದರೆ ಏನು ಗತಿ ಎಂದು ವರ್ಷಗಳಿಂದ ಕೇಳುತ್ತಿದ್ದವರ ಪ್ರಶ್ನೆ ಅಂದು ಎಲ್ಲರದಾಯಿತು.

ಮರದ ಉಂಗುರ, 49 ಹೆಕ್ಟೇರಿನ ಗುತ್ತಿಗೆ

ವಾಸ್ತುಶಿಲ್ಪಿ ಸೋ ಫುಜಿಮೊಟೊ ರೂಪಿಸಿದ ಮಹಾ ಉಂಗುರ ಈ ಎಕ್ಸ್‌ಪೋದ ಮುಖ. ಸುತ್ತಳತೆ 2 ಕಿ.ಮೀ., ಅಗಲ 30 ಮೀಟರು, ಹೊರ ಅಂಚಿನಲ್ಲಿ ಎತ್ತರ 20 ಮೀಟರು. ಜಗತ್ತಿನ ಅತಿ ದೊಡ್ಡ ಮರದ ಕಟ್ಟಡವೆಂದು ಗಿನ್ನೆಸ್ ದಾಖಲೆ. ಬೆಲೆ 3,440 ಕೋಟಿ ಯೆನ್. ಸಂಸತ್ತಿನಲ್ಲಿ ವಿರೋಧ ಪಕ್ಷದವರು ಇದನ್ನು ದುಬಾರಿ ಬಿಸಿಲುಕೊಡೆ ಎಂದು ಲೇವಡಿ ಮಾಡಿದರು. ತಮಾಷೆಯೆಂದರೆ ಆತಿಥ್ಯ ಕೇಳುವಾಗ ಪ್ಯಾರಿಸ್ಸಿಗೆ ಒಯ್ದ ನಕ್ಷೆಯಲ್ಲಿ ಉಂಗುರವೇ ಇರಲಿಲ್ಲ. ಕೇಂದ್ರವೇ ಇಲ್ಲದ, ಚದುರಿದ ಊರಿನಂಥ ಮೇಳ ಎಂಬುದು ಆಗಿನ ಹೆಮ್ಮೆಯ ಮಾತಾಗಿತ್ತು. ಹೋದವರಿಗೆ ಮಾತ್ರ ಉಂಗುರ ಇಷ್ಟವಾಯಿತು. ನೆರಳು, ಮಳೆಗೆ ಆಸರೆ, ದಾರಿ ತಪ್ಪದಂತೆ ಗುರುತು ಎಲ್ಲವನ್ನೂ ಅದೊಂದೇ ಕೊಟ್ಟಿತು. ನನ್ನ ದೃಷ್ಟಿಯಲ್ಲಿ ಕಟ್ಟುವ ಗಂಟಿನಲ್ಲಿ ಅತಿ ಚೆನ್ನಾಗಿ ಖರ್ಚಾದ ಹಣ ಇದೇ.

ಹಾಗಾದರೆ ಇಡಿಯಾಗಿ ಉಳಿಸಬಹುದಿತ್ತಲ್ಲ? ಉಳಿಸಿದ್ದು ಈಶಾನ್ಯದ ಸುಮಾರು 200 ಮೀಟರು. ಉಂಗುರ ಎದ್ದದ್ದು ತಾತ್ಕಾಲಿಕ ಕಟ್ಟಡದ ಪರವಾನಗಿಯಲ್ಲಿ. ಕಾಯಂ ಆಗಬೇಕಾದರೆ ಬೆಂಕಿ, ಭೂಕಂಪ, ಬಾಳಿಕೆಯ ನಿಯಮಗಳಿಗೆ ಹೊಸದಾಗಿ ಹೊಂದಿಸಬೇಕು. ಕಡಲ ಗಾಳಿಗೆ ಒಡ್ಡಿದ ಮರವನ್ನು ವರ್ಷವರ್ಷ ನೋಡಿಕೊಳ್ಳಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಉಂಗುರ ಸುತ್ತುವರಿದ ನೆಲವನ್ನು ಖಾಸಗಿ ಅಭಿವೃದ್ಧಿಗೆ ಕೊಡುವ ಯೋಜನೆ ಮೊದಲೇ ಸಿದ್ಧವಿತ್ತು. ಮೇಳ ತೆರೆಯುವ ಮುಂಚೆಯೇ, 2025ರ ಜನವರಿಯಲ್ಲಿ, ನಗರ ಮೆಚ್ಚಿದ ಪ್ರಸ್ತಾವಗಳಲ್ಲಿ ಕಾರು ರೇಸಿನ ಹಾದಿಯೂ ವಾಟರ್ ಪಾರ್ಕೂ ಇದ್ದವು. ನಡುವೆ ಎರಡು ಕಿಲೋಮೀಟರು ಸುತ್ತಳತೆಯ ಸ್ಮಾರಕ ನಿಂತರೆ ನಿವೇಶನ ಮಾರುವುದು ಹೇಗೆ? ಕಳಚಿದ ತೊಲೆಗಳಲ್ಲಿ ಒಂದು ಪಾಲು ಭೂಕಂಪದಲ್ಲಿ ನಲುಗಿದ ನೋಟೊದ ಸುಜು ಪಟ್ಟಣಕ್ಕೆ, ಸಂತ್ರಸ್ತರ ಮನೆಗಳಿಗೆ ಎಂದು ನಿಶ್ಚಯವಾಗಿದೆ.

ಪಕ್ಕದಲ್ಲೇ, ದ್ವೀಪದ ಉತ್ತರಕ್ಕೆ, ಸುಮಾರು 49 ಹೆಕ್ಟೇರಿನಲ್ಲಿ ಎಂಜಿಎಂ ಮತ್ತು ಒರಿಕ್ಸ್ ಕಂಪನಿಗಳ ರೆಸಾರ್ಟ್ ಏಳುತ್ತಿದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರದ ಒಪ್ಪಿಗೆ. 2025ರ ಏಪ್ರಿಲ್‌ನಲ್ಲಿ, ಬೇಲಿಯಾಚೆ ಮೇಳ ನಡೆಯುತ್ತಿರುವಾಗಲೇ, ಕೆಲಸ ಶುರು. ನಗರದೊಂದಿಗಿನ ಗುತ್ತಿಗೆಯ ಬಾಡಿಗೆ ತಿಂಗಳಿಗೆ ಚದರ ಮೀಟರಿಗೆ 428 ಯೆನ್, ವರ್ಷಕ್ಕೆ ಸುಮಾರು 250 ಕೋಟಿ. ಬೆಲೆ ಕಟ್ಟಲು ಕರೆಸಿದ ನಾಲ್ಕು ಸಂಸ್ಥೆಗಳಲ್ಲಿ ಮೂರರ ಅಂಕಿ ಒಂದೇ ಆಗಿತ್ತು. ಈ ಬಾಡಿಗೆ ಅಗ್ಗ ಎಂದು ನಿವಾಸಿಗಳು ಕೋರ್ಟಿಗೆ ಹೋದರು. ನೆಲದ ಮಾಲಿನ್ಯ, ಭೂಕಂಪದಲ್ಲಿ ಮಣ್ಣು ದ್ರವದಂತಾಗುವ ಅಪಾಯ, ಹೂತಿರುವ ಅಡೆತಡೆಗಳನ್ನು ಸರಿಪಡಿಸಲು ನಗರ ತಾನೇ ಸುಮಾರು 7,900 ಕೋಟಿ ಯೆನ್ ಹೊರಲು ಒಪ್ಪಿದೆ. ಹಿಂದೆ ಕಡಲು ತುಂಬಿಸಿದ ನೆಲವನ್ನು ಕೊಡುವಾಗ ಈ ಹೊರೆ ಕೊಂಡವರದಾಗಿತ್ತು. 250ರಿಂದ 7,900ನ್ನು ಭಾಗಿಸಿ ನೋಡಿ. 31 ವರ್ಷಗಳ ಬಾಡಿಗೆ ನೆಲ ಸರಿಪಡಿಸುವುದಕ್ಕೇ ಸರಿಹೋಯಿತು. ಕ್ಯಾಸಿನೊ ಆದಾಯದಲ್ಲಿ ಬರುವ ಪಾಲು ಬೇರೆ, ಅದು ಜೂಜು ಎಷ್ಟು ನಡೆಯುತ್ತದೆ ಎಂಬುದರ ಮೇಲೆ.

ಇಶಿನ್ ಪಕ್ಷಕ್ಕೆ ಮಾತ್ರ ಫಸಲು ಬೇಗ ಬಂತು. ಗೇಟು ಮುಚ್ಚಿದ ಒಂದೇ ವಾರಕ್ಕೆ, ಅಕ್ಟೋಬರ್ 20ರಂದು, ಅದು ಟೋಕಿಯೊದಲ್ಲಿ ಆಡಳಿತ ಪಕ್ಷದೊಂದಿಗೆ ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿತು. ಬೇಡಿಕೆಗಳಲ್ಲಿ ಮುಖ್ಯವಾದದ್ದು ದೇಶಕ್ಕೊಂದು ಉಪರಾಜಧಾನಿ.

ನೆಲ ಮೊದಲೇ ಗೊತ್ತಿದ್ದ ಕಡೆ

ಇದೇ ಒಸಾಕಾ 1970ರಲ್ಲಿ ಬೇರೆ ದಾರಿ ಹಿಡಿದಿತ್ತು. ಸೆನ್ರಿ ಬೆಟ್ಟಸಾಲಿನ 330 ಹೆಕ್ಟೇರು, ಕೆಂಜೊ ತಾಂಗೆಯವರ ನಕ್ಷೆ, 77 ದೇಶಗಳು, 6.4 ಕೋಟಿ ಜನ. ಮುಗಿದ ಮೇಲೆ ನೆಲ ಸಾರ್ವಜನಿಕವಾಗಿಯೇ ಉಳಿದು ಉದ್ಯಾನವಾಯಿತು. ಸುಮಾರು 1,900 ಕೋಟಿ ಯೆನ್ ಉಳಿತಾಯ ಒಂದು ನಿಧಿಯಾಯಿತು. 1977ರಲ್ಲಿ ಅಲ್ಲೇ ರಾಷ್ಟ್ರೀಯ ಜನಾಂಗಶಾಸ್ತ್ರ ವಸ್ತುಸಂಗ್ರಹಾಲಯ ತೆರೆಯಿತು. ತಾರೊ ಒಕಾಮೊಟೊ ಅವರ 70 ಮೀಟರಿನ ಸೂರ್ಯಗೋಪುರ ಇಂದಿಗೂ ನಿಂತಿದೆ.

ಇನ್ನೂ ಹಿಂದಕ್ಕೆ ಹೋದರೆ 1851ರ ಲಂಡನ್. ಹೈಡ್ ಪಾರ್ಕ್ ಅರಮನೆಯ ಉದ್ಯಾನವಾದ್ದರಿಂದ, ಮೊದಲ ವಿಶ್ವಮೇಳ ನಡೆದ ಗಾಜಿನ ಮಹಲನ್ನು ಅಲ್ಲಿಂದ ಕಿತ್ತೊಯ್ಯಲೇಬೇಕಿತ್ತು. ಅಲ್ಲಿ ನೆಲದ ಆಸೆಗೆ ಎಡೆಯೇ ಇರಲಿಲ್ಲ. ಉಳಿದ 1,86,000 ಪೌಂಡಿನಲ್ಲಿ ಒಂದು ಆಯೋಗ ಸೌತ್ ಕೆನ್ಸಿಂಗ್ಟನ್‌ನಲ್ಲಿ 87 ಎಕರೆ ಕೊಂಡಿತು. ಇಂದಿನ ದೊಡ್ಡ ಮ್ಯೂಸಿಯಮ್‌ಗಳು, ಇಂಪೀರಿಯಲ್ ಕಾಲೇಜು ನಿಂತದ್ದು ಅಲ್ಲಿ. ಆಯೋಗ ಈಗಲೂ ವಿದ್ಯಾರ್ಥಿವೇತನ ಕೊಡುತ್ತದೆ. 1930ರ ದಶಕದಲ್ಲಿ ಅದನ್ನು ಪಡೆದ ಹೋಮಿ ಭಾಭಾ ಕೇಂಬ್ರಿಜ್‌ನಲ್ಲಿ ಕಾಸ್ಮಿಕ್ ಕಿರಣಗಳ ಮೇಲೆ ಕೆಲಸ ಮಾಡುತ್ತಿದ್ದರು. ರಜೆಗೆ ಊರಿಗೆ ಬಂದಾಗ ಯುದ್ಧ ಶುರುವಾಗಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಿ.ವಿ. ರಾಮನ್ ಅವರ ವಿಭಾಗ ಸೇರಿದರು. ಗಾಜಿನ ಮಹಲಿನ ಟಿಕೆಟ್ ಹಣ ಹೀಗೆ ನಮ್ಮ ಮಲ್ಲೇಶ್ವರದ ಅಂಚಿನವರೆಗೂ ಬಂದಿದೆ.

ನೆಲದ ಲೆಕ್ಕ ತಪ್ಪಿದವರ ಸಾಲೂ ಉದ್ದವಿದೆ. ಹ್ಯಾನೋವರ್ 2000ದಲ್ಲಿ ನಾಲ್ಕು ಕೋಟಿ ಜನ ಬರುತ್ತಾರೆಂದುಕೊಂಡಿತ್ತು, ಬಂದವರು 1.8 ಕೋಟಿ. ನ್ಯೂ ಆರ್ಲಿಯನ್ಸ್‌ನದು 1984ರಲ್ಲಿ ಮೇಳ ನಡೆಯುತ್ತಿರುವಾಗಲೇ ದಿವಾಳಿ. 2015ರ ಮಿಲಾನ್‌ನದು ಹೆಚ್ಚು ಪಾಠ ಹೇಳುವ ಕತೆ. ಅಲ್ಲಿ ಸಾರ್ವಜನಿಕ ಕಂಪನಿಯೊಂದು ಎಕ್ಸ್‌ಪೋಗೆಂದು ಖಾಸಗಿಯವರಿಂದ ನೆಲ ಕೊಂಡು, ಮುಗಿದ ಮೇಲೆ ಮಾರಿ ಹಣ ಎತ್ತುವ ಯೋಚನೆ ಮಾಡಿತು. 2014ರ ನವೆಂಬರ್‌ನಲ್ಲಿ 31.5 ಕೋಟಿ ಯೂರೊ ಮೂಲ ಬೆಲೆಗೆ ಹರಾಜಿಟ್ಟರೆ ಒಬ್ಬರೂ ಕೂಗಲಿಲ್ಲ. ಕೊನೆಗೆ ಸರ್ಕಾರವೇ ಸಂಶೋಧನಾ ಸಂಸ್ಥೆ, ವಿಶ್ವವಿದ್ಯಾಲಯದ ಕ್ಯಾಂಪಸ್ ತಂದು ತುಂಬಿಸಬೇಕಾಯಿತು. ಲಿಸ್ಬನ್ 1998ರಲ್ಲಿ ಹಳೆಯ ತೈಲ ಸಂಸ್ಕರಣಾಗಾರ, ಕಸಾಯಿಖಾನೆಗಳಿದ್ದ ನದಿದಂಡೆಯನ್ನು ಮೊದಲೇ ಬಡಾವಣೆಯೆಂದು ನಕ್ಷೆ ಹಾಕಿ, ಮಂಟಪಗಳನ್ನೂ ಆಮೇಲಿನ ಬಳಕೆ ನೋಡಿಯೇ ಕಟ್ಟಿತು. ಇಂದು ಅದು ಜನ ವಾಸಿಸುವ ಊರು. ಹಾಗಿದ್ದೂ ಅದನ್ನು ಕಟ್ಟಿದ ಸರ್ಕಾರಿ ಕಂಪನಿ ಸಾಲದಲ್ಲೇ ಮುಚ್ಚಿತು.

ಮುಂದಿನವು ಎರಡು. ಸರ್ಬಿಯಾದ ಬೆಲ್‌ಗ್ರೇಡ್‌ನಲ್ಲಿ 2027ರ ಮೇಯಿಂದ ಆಗಸ್ಟ್‌ವರೆಗೆ ವಿಶೇಷ ಎಕ್ಸ್‌ಪೋ. ಅದರ ಕಾಮಗಾರಿಗಳನ್ನು ಸಾರ್ವಜನಿಕ ಖರೀದಿಯ ಮಾಮೂಲಿ ನಿಯಮಗಳಿಂದ ಹೊರಗಿಡಲು ಅಲ್ಲಿನ ಸಂಸತ್ತು ಪ್ರತ್ಯೇಕ ಕಾನೂನನ್ನೇ ಮಾಡಿಕೊಂಡಿತು. ರಿಯಾದ್ 2023ರಲ್ಲಿ ಬೂಸಾನ್, ರೋಮ್‌ಗಳ ಎದುರು 119 ಮತ ಪಡೆದು ಗೆದ್ದಿದೆ. ಕಟ್ಟುವ ಕೈಗಳು ಹೆಚ್ಚಾಗಿ ದಕ್ಷಿಣ ಏಷ್ಯಾದವು, ಕರಾವಳಿಯ ಮನೆಗಳಿಗೂ ಗೊತ್ತಿರುವ ದಾರಿ. ಅಲ್ಲಿ ಮೊದಲ ದಿನ 2030ರ ಅಕ್ಟೋಬರ್ 1. ಯುಮೆಶಿಮಾದ ಕ್ಯಾಸಿನೊ ಬಾಗಿಲು ತೆರೆಯಲು ಗೊತ್ತುಮಾಡಿರುವುದೂ ಅದೇ ವರ್ಷದ ಶರತ್ಕಾಲದ ಸುಮಾರಿಗೆ. ಜಪಾನಿನ ನಿವಾಸಿಗಳಿಗೆ ಪ್ರವೇಶ ಶುಲ್ಕ 6,000 ಯೆನ್, ಎಕ್ಸ್‌ಪೋ ಟಿಕೆಟ್ಟಿಗಿಂತ 1,500 ಕಡಿಮೆ.